ಡೇರೆಯ ಹಿಂದಿನ ಸಂಸಾರ

ಸಂಸ್ಕೃತ ನಾಟಕಗಳ ಪರಿಚಯವುಳ್ಳ ವಾಚಕರಿಗೆ ‘ನೇಪಥ್ಯ’ವೆಂಬ ಶಬ್ದವು ಹೊಸದಲ್ಲ. ನಟರು ವೇಷವನ್ನು ತೊಡುವ ಮರೆಯ ಸ್ಥಳಕ್ಕೆ ಆ ಹೆಸರು. ತೊಡುವ ವೇಷಭೂಷಣಗಳಿಗೂ ಅದೇ ಹೆಸರು. ನಾಟಕದಲ್ಲಿ ನೇಪಥ್ಯದಿಂದ ಧ್ವನಿ ಬರುತ್ತದೆ, ಕಲಕಲ ಕೇಳಿಸುತ್ತದೆ. ಆದರೆ ಯಾವ ಕವಿಯೂ ಪ್ರೇಕ್ಷಕನನ್ನು ಅದರೊಳಕ್ಕೆ ಕರೆದುಕೊಂಡು ಹೋಗುವುದಿಲ್ಲ. ಮೂವತ್ತೈದು ವರ್ಷ ಈ ಶಬ್ದದ ಅರ್ಥವನ್ನು ಮಕ್ಕಳಿಗೆ ಹೇಳಿಕೊಟ್ಟ ನಾವೂ, ಅಲ್ಲಿ ಒಲೆ ಉರಿಯುತ್ತಿತ್ತೇ, ಕೂಸಿನ ಜೋಳಿಗೆ ತೂಗುತ್ತಿತ್ತೇ ಎಂದು ಒಮ್ಮೆಯೂ ಕೇಳಿಕೊಂಡವರಲ್ಲ. ನಿವೃತ್ತರಾದ ಮೇಲೆ ಆ ಪ್ರಶ್ನೆಯನ್ನು ನಮ್ಮ ಮುಂದಿಟ್ಟವನು ನಮ್ಮ ಹಳೆಯ ಶಿಷ್ಯನೊಬ್ಬ.

ಈ ಶಿಷ್ಯನು ಈಗ ಪಕ್ಕದ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆಯ ಮಾಸ್ತರನಾಗಿದ್ದಾನೆ. ಸಂಕ್ರಮಣದ ಕಾಲಕ್ಕೆ ವಿಜಯಪುರದಲ್ಲಿ ಶ್ರೀ ಸಿದ್ಧೇಶ್ವರನ ಜಾತ್ರೆ ಕೂಡುವುದು ನಮ್ಮ ವಾಚಕರಿಗೆ ತಿಳಿದೇ ಇದೆ. ನಂದಿಧ್ವಜಗಳ ಮೆರವಣಿಗೆ, ಮದ್ದು ಸುಡುವ ರಾತ್ರಿ, ತೊರವಿಯ ಕಡೆಗೆ ನೆರೆಯುವ ದನಗಳ ಜಾತ್ರೆ, ಇವುಗಳ ಜೊತೆಗೆ ತೊಟ್ಟಿಲು, ಜಾದೂ, ಬಾವಿಯಂಥ ಹಲಗೆಯ ಗೋಡೆಯ ಮೇಲೆ ಮೋಟಾರು ಸೈಕಲ್ಲು ಓಡಿಸುವ ಆಟ, ನಾಗಕನ್ನಿಕೆಯ ಡೇರೆ ಮೊದಲಾದವೂ ಬರುತ್ತವೆ. ಶಿಷ್ಯನು ಮುಂಜಾನೆಯೇ ನಮ್ಮ ಮನೆಗೆ ಬಂದು, “ಗುರುಗಳ, ಜಾತ್ರಿಗೆ ಹೋಗೂಣು ಬರ್ರಿ, ಆದರ ಸಂಜಿಮುಂದ ಅಲ್ಲ, ಈಗ ಹೋಗೂಣು,” ಎಂದನು. ಆಟ ಆರಂಭವಾಗುವುದು ಸಂಜೆಗಲ್ಲವೇ ಎಂದು ಕೇಳಿದೆವು. “ಅದಕ್ಕ ಈಗ ಹೋಗೂಣು ಅಂದಿದ್ದು,” ಎಂದು ನಕ್ಕನು.

ಡೇರೆಗಳ ಮುಂಭಾಗವನ್ನು ನಾವೆಲ್ಲರೂ ಕಂಡಿದ್ದೇವೆ. ಆಳುದ್ದದ ಹಲಗೆಗಳ ಮೇಲೆ ಕೆಂಪು ಹಳದಿ ಬಣ್ಣಗಳಲ್ಲಿ ಬರೆದ ಚಿತ್ರಗಳು: ಹೆಡೆಯೆತ್ತಿದ ಸರ್ಪದ ದೇಹಕ್ಕೆ ಸುಂದರಿಯ ಮುಖ, ಬೆಂಕಿಯ ಬಳೆಯೊಳಗಿಂದ ಹಾರುವ ಸವಾರ. ಅಂದು ಮೊದಲನೆಯ ಬಾರಿಗೆ ನಾವು ಆ ಹಲಗೆಗಳ ಬೆನ್ನಿನ ಕಡೆಗೆ ಹೋದೆವು. ಅಲ್ಲಿ ಬಣ್ಣವಿರಲಿಲ್ಲ. ಕಚ್ಚಾ ಕಟ್ಟಿಗೆ, ಹಗ್ಗದ ಗಂಟು, ಮೊಳೆಗಳ ತುದಿ. ಮೂರು ಕಲ್ಲಿನ ಒಲೆಯ ಮೇಲೆ ಹಂಚು. ಹಂಚಿನ ಮೇಲೆ ಜೋಳದ ರೊಟ್ಟಿ. ಮೋಟಾರು ಸವಾರನು ಹಲಗೆಯ ಗೋಡೆಯ ಒಂದೊಂದು ಬೋಲ್ಟನ್ನೂ ಪಾನದಿಂದ ಬಿಗಿದು ನೋಡುತ್ತಿದ್ದನು. ಬಂಡಿಯು ಸುತ್ತುವ ವೇಗದಲ್ಲಿ ಗೋಡೆಗೆ ಒತ್ತಿಕೊಳ್ಳುತ್ತದೆ, ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಅದನ್ನು ಕೆಳಗೆ ಜಾರದಂತೆ ಹಿಡಿಯುತ್ತದೆ ಎಂಬ ಪದಾರ್ಥವಿಜ್ಞಾನವನ್ನು ಅವನು ಯಾವ ಶಾಲೆಯಲ್ಲಿಯೂ ಓದಿದವನಲ್ಲ. ಆದರೆ ಒಂದು ಹಲಗೆ ಸಡಿಲಾದರೆ ಏನಾಗುವುದೆಂಬುದನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲನು. ಅವನ ಹೆಂಡತಿಯು ಪಕ್ಕದಲ್ಲಿ ಕುಳಿತು ಅವನ ಹೊಳೆಯುವ ಅಂಗಿಯ ಹರಿದ ತೋಳನ್ನು ಹೊಲಿಯುತ್ತಿದ್ದಳು.

ನಾಗಕನ್ನಿಕೆಯಾದವಳು ಅಥಣಿಯ ಕಡೆಯ ಮೂವತ್ತರ ಪ್ರಾಯದ ಗೃಹಿಣಿ. ಆಟದ ಗುಟ್ಟು ಬಹಳ ಜನರಿಗೆ ತಿಳಿದದ್ದೇ. ಮೇಜಿನ ಹಲಗೆಯ ರಂಧ್ರದಿಂದ ಕೊರಳನ್ನು ಮೇಲಕ್ಕೆ ತಂದು, ಶರೀರವನ್ನು ಕರಿಯ ಅರಿವೆಯ ಮರೆಯಲ್ಲಿ ಮುದುಡಿಕೊಂಡು, ಹಲಗೆಯ ಮೇಲೆ ಬಟ್ಟೆಯ ಹಾವನ್ನು ಕೊರಳಿಗೆ ಹೊಂದಿಸಿದರೆ ನಾಗಕನ್ನಿಕೆ ಸಿದ್ಧಳಾದಳು. ನೋಡುವವನಿಗೆ ಎರಡು ನಿಮಿಷದ ವಿಸ್ಮಯ. ಅವಳಿಗೆ ಸಂಜೆಯಿಂದ ನಡುರಾತ್ರಿಯವರೆಗೆ ಕುತ್ತಿಗೆ ಕದಲಿಸದ ಆಸನ. ಅಂದು ಅವಳು ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದಳು. ಏಳೆಂಟು ವರ್ಷದ ಮಗಳು ತಾಯಿಯ ಕೊರಳಿಗೆ ಎಣ್ಣೆ ತಿಕ್ಕುತ್ತಿದ್ದಳು. ಶಿಷ್ಯನು ವಹಿಯನ್ನು ತೆರೆದು ಪೆನ್ಸಿಲನ್ನು ಎತ್ತಿದ್ದೇ ತಡ, ಆಕೆ ಸೆರಗನ್ನು ಮುಖಕ್ಕೆ ಎಳೆದುಕೊಂಡು, “ಬ್ಯಾಡ್ರೀ ಯಪ್ಪಾ! ನೀವು ಹಿಂಗ ಕುಂತದ್ದು ಬರದು ನಾಕ ಮಂದೀಗಿ ತೋರಿಸಿದ್ರ, ರಾತ್ರಿ ನನ್ನ ನೋಡಾಕ ಯಾರ್ ಬರ್ತಾರ?” ಎಂದಳು. ಶಿಷ್ಯನು ಮರುಮಾತಾಡದೆ ವಹಿಯನ್ನು ಮುಚ್ಚಿದನು.

ಆಕೆಯ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರದರ್ಶನದ ಹೊರಗೆ ಆಟಗಾರರನ್ನು ಚಿತ್ರಿಸುವುದು ಯೋಗ್ಯವೇ? ಮೊದಲು ಯಾರಾದರೂ ಚಿತ್ರಿಸಿದ್ದಾರೆಯೇ? ಮನೆಗೆ ಬಂದವರೇ ಪುಸ್ತಕಗಳನ್ನು ತೆಗೆದೆವು.

ಕೌಟಿಲ್ಯನ ಅರ್ಥಶಾಸ್ತ್ರವು ನಟ, ನರ್ತಕ, ಗಾಯಕ, ವಾದಕರೊಡನೆ ಹಗ್ಗದ ಮೇಲೆಯೂ ನೆಲದ ಮೇಲೆಯೂ ಹಾರುವ ಪ್ಲವಕರನ್ನೂ, ಮಾಯಾಜಾಲದ ಸೌಭಿಕರನ್ನೂ ಹೆಸರಿಸುತ್ತದೆ. ಪರದೇಶದಿಂದ ಬಂದ ಮೇಳವು ಒಂದೊಂದು ಆಟಕ್ಕೆ ಐದು ಪಣಗಳ ತೆರಿಗೆಯನ್ನು ಕೊಡತಕ್ಕದ್ದೆಂದು ವಿಧಿಸುತ್ತದೆ. ಹೊಸದಾಗಿ ನೆಲೆಗೊಳಿಸಿದ ಹಳ್ಳಿಗಳಲ್ಲಿ ಇಂಥವರು ಒಕ್ಕಲಿಗರ ಕೆಲಸಕ್ಕೆ ಅಡ್ಡಿಯಾಗಬಾರದೆಂದೂ ಹೇಳುತ್ತದೆ. ಮನುಸ್ಮೃತಿಯು ಕುಶೀಲವರನ್ನು ನ್ಯಾಯಸ್ಥಾನದಲ್ಲಿ ಸಾಕ್ಷಿಗಳನ್ನಾಗಿ ಮಾಡಬಾರದೆನ್ನುತ್ತದೆ. ಅಂದರೆ ಅವರ ಆಟವನ್ನು ಕಣ್ಣು ತುಂಬ ನೋಡಬಹುದು. ಅವರು ಕಣ್ಣಾರೆ ಕಂಡದ್ದನ್ನು ಮಾತ್ರ ನಂಬಲಾಗದು! ಶಾಸ್ತ್ರಗಳಲ್ಲಿ ನಮಗೆ ಗೌರವವುಂಟು. ಆದರೂ ಈ ಒಂದು ವಾಕ್ಯವನ್ನು ಆ ತಾಯಿಯ ಮುಂದೆ ಓದಿ ಹೇಳುವ ಧೈರ್ಯವು ನಮಗಿಲ್ಲ.

ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳೂ ಇವೆ, ಚಿತ್ರವಿಧಾನವೂ ಇದೆ. ಕನ್ನಡಿಯ ಪ್ರತಿಬಿಂಬದಂತೆ ಸಾದೃಶ್ಯವುಳ್ಳದ್ದು ವಿದ್ಧಚಿತ್ರ. ನೋಡಿದ ಮಾತ್ರದಿಂದಲೇ ಭಾವವನ್ನು ಹುಟ್ಟಿಸುವುದು ಭಾವಚಿತ್ರ ಎಂದು ಆತನು ವಿಂಗಡಿಸಿದ್ದಾನೆ. ವಿಜಯಪುರದಿಂದ ಸಿಂದಗಿಯ ಕಡೆಗೆ ಇರುವ ಕುಮಟಗಿಯ ಜಲಮಂಟಪಗಳನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಆದಿಲಶಾಹಿ ಕಾಲದ ಆ ಮಂಟಪದ ಗೋಡೆಗಳ ಮೇಲೆ, ಬಹಳ ಮಾಸಿದ್ದರೂ, ಕುದುರೆಯ ಮೇಲೆ ಚೆಂಡಾಡುವವರೂ ಕುಸ್ತಿಯ ಜಟ್ಟಿಗಳೂ ಇಂದಿಗೂ ಕಾಣುತ್ತಾರೆ. ಆದರೆ ಆ ಜಟ್ಟಿಯೂ ಕಾದಾಡುವ ಜಟ್ಟಿಯೇ. ಕುಸ್ತಿ ಮುಗಿಸಿ ಮನೆಗೆ ಹೋಗಿ ಅಂಬಲಿ ಕುಡಿಯುವ ಜಟ್ಟಿಯನ್ನು ಅರಮನೆಯ ಚಿತ್ರಕಾರನಿಗೆ ಯಾರೂ ಬರೆಯಹೇಳಲಿಲ್ಲ. ಕುಂಪಣಿ ಸರಕಾರದ ಕಾಲದಲ್ಲಿ ತಂಜಾವೂರು ಮೊದಲಾದ ಕಡೆಗಳ ಚಿತ್ರಕಾರರು ಇಂಗ್ಲಿಷ್ ಸಾಹೇಬರಿಗಾಗಿ ಒಂದೊಂದು ಕಸುಬಿನವನನ್ನೂ ಅವನ ಹೆಂಡತಿಯೊಡನೆ ಜೋಡಿಯಾಗಿ ಬರೆದರು. ಅಲ್ಲಿ ಹೆಂಡತಿಯೇನೋ ಬಂದಳು. ಆದರೆ ಅವು ಮಾದರಿಯ ಪಟಗಳು. ಜಾತಿ ಕಸುಬುಗಳ ಪಟ್ಟಿಗೆ ಹೊಂದಿಸಿದ ಗೊಂಬೆಗಳೇ ಹೊರತು ಇಂಥವಳೆಂದು ಗುರುತಿಸಬಹುದಾದ ಒಬ್ಬಳಲ್ಲ.

ಪಶ್ಚಿಮದಲ್ಲಿ 19ನೆಯ ಶತಮಾನದಿಂದೀಚೆಗೆ ಕೆಲವರ ದೃಷ್ಟಿಯು ಡೇರೆಯ ಹಿಂದಕ್ಕೆ ಹೊರಳಿತು. ಫ್ರಾನ್ಸಿನ ದೋಮಿಯೆಯು ಬೀದಿಯ ಆಟಗಾರರ ಕುಟುಂಬವು ತನ್ನ ಸಾಮಾನಿನೊಡನೆ ಊರಿಂದೂರಿಗೆ ನಡೆಯುವುದನ್ನು ಬರೆದನು. ಸ್ಪೇನ್ ದೇಶದ ಪಿಕಾಸೋ 1905ರಲ್ಲಿ ಬರೆದ ದೊಡ್ಡ ಚಿತ್ರವೊಂದು ಈಗ ವಾಷಿಂಗ್ಟನ್ ನಗರದ ಚಿತ್ರಶಾಲೆಯಲ್ಲಿದೆ. ಬರಿಯ ಬಯಲಿನಲ್ಲಿ ಆರು ಜನ ಆಟಗಾರರು, ವೇಷವಿದೆ, ಆಟವಿಲ್ಲ, ಒಬ್ಬರೂ ಇನ್ನೊಬ್ಬರ ಕಡೆಗೆ ನೋಡುವುದಿಲ್ಲ. ಇಂಗ್ಲೆಂಡಿನ ಲಾರಾ ನೈಟ್ ಎಂಬ ಚಿತ್ರಕರ್ತ್ರಿಯು 1930ರ ಆಸುಪಾಸಿನಲ್ಲಿ ಸಂಚಾರಿ ಸರ್ಕಸ್ಸಿನೊಡನೆ ತಿರುಗಿ ಆಟಗಾರರ ಬಿಡುವಿನ ಹೊತ್ತುಗಳನ್ನೂ ಬರೆದಳು. ಅಮೇರಿಕೆಯ ಮೇರಿ ಎಲೆನ್ ಮಾರ್ಕ್ ಎಂಬಾಕೆ 1989 ಮತ್ತು 1990ರಲ್ಲಿ ನಮ್ಮ ದೇಶದ ಸರ್ಕಸ್ಸುಗಳಲ್ಲಿ ಸುತ್ತಾಡಿ, ಆಟದ ಕಣಕ್ಕಿಂತ ಹೆಚ್ಚಾಗಿ ಡೇರೆಯ ಬದುಕನ್ನು ಛಾಯಾಚಿತ್ರಗಳಲ್ಲಿ ಹಿಡಿದು, 1993ರಲ್ಲಿ ಪುಸ್ತಕವಾಗಿ ಪ್ರಕಟಿಸಿದಳು. ಸಮುದ್ರದಾಚೆಯಿಂದ ಬಂದವಳಿಗೆ ಕಂಡದ್ದು ಮಗ್ಗುಲಲ್ಲಿರುವ ನಮಗೆ ಕಾಣಲಿಲ್ಲವೆಂಬುದು ಯೋಚಿಸತಕ್ಕ ಮಾತು.

ಈ ವಿದ್ಯೆಯಂತೂ ನಮ್ಮ ಮಗ್ಗುಲಿನದೇ. 1879ರಲ್ಲಿ ಇಟಲಿಯ ಕಿಯಾರಿನಿಯ ಸರ್ಕಸ್ಸು ಮುಂಬಯಿಗೆ ಬಂದಾಗ ಕುರುಂದವಾಡ ಸಂಸ್ಥಾನದ ಅಶ್ವಶಿಕ್ಷಕ ವಿಷ್ಣುಪಂತ ಛತ್ರೆಯವರು ಅದನ್ನು ನೋಡಿ, ಮರುವರ್ಷವೇ, ಅಂದರೆ 1880ರಲ್ಲಿ, ಭಾರತೀಯರದೇ ಆದ ಸರ್ಕಸ್ಸನ್ನು ಕಟ್ಟಿ ತೋರಿಸಿದರು. ಮಿರಜದ ಬಳಿಯ ಮ್ಹೈಸಾಳದ ದೇವಲ ಸರ್ಕಸ್ಸೂ ಹೆಸರುವಾಸಿಯಾಯಿತು. ಅದಕ್ಕೂ ಮೊದಲು ಹಗ್ಗದ ಮೇಲೆ ನಡೆಯುವ ಡೊಂಬರು, ದಿನಕ್ಕೊಂದು ವೇಷ ಹಾಕುವ ಹಗಲುವೇಷದವರು, ಚರ್ಮದ ಗೊಂಬೆಯಾಡಿಸುವ ಕಿಳ್ಳೇಕ್ಯಾತರು ನಮ್ಮ ಅಗಸಿಯ ಮುಂದೆ ಡೇರೆ ಹಾಕುತ್ತಲೇ ಇದ್ದರು.

ಅವರನ್ನು ನಾವು ನಡೆಸಿಕೊಂಡ ರೀತಿ ಹೇಗೆ? ಇಂಗ್ಲಿಷರ ಸರಕಾರವು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾನೂನನ್ನು ಮಾಡಿ, 1911ರ ಕಾನೂನಿನಿಂದ ಅದನ್ನು ದೇಶಕ್ಕೆಲ್ಲ ಹಬ್ಬಿಸಿತು. ತರುವಾಯದ ದಶಕಗಳಲ್ಲಿ ಮುಂಬಯಿ ಇಲಾಖೆಯಲ್ಲಿ ವಿಜಯಪುರ, ಗದಗ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ‘ಸೆಟ್ಲಮೆಂಟು’ಗಳೆದ್ದವು. ಹರಣಶಿಕಾರಿ, ಛಪ್ಪರಬಂದ ಮೊದಲಾದ ಕುಲಗಳ ಕುಟುಂಬಗಳನ್ನು ಅಲ್ಲಿರಿಸಿ, ಹೊತ್ತುಹೊತ್ತಿಗೆ ಹಾಜರಿ ತೆಗೆದುಕೊಳ್ಳುತ್ತಿದ್ದರು. ಇವರೆಲ್ಲ ಆಟಗಾರರಲ್ಲವೆಂಬುದು ನಿಜ. ಆದರೆ ಮನೆಯಿಲ್ಲದೆ ತಿರುಗುವವನು ಹುಟ್ಟಿನಿಂದಲೇ ಕಳ್ಳನೆಂಬ ಸಂಶಯವು ಈ ಕಾನೂನಿನಿಂದ ಬಲಿತು, ತಿರುಗುವ ಎಲ್ಲರ ಬೆನ್ನಿಗೂ ಬಿದ್ದಿತು. 1952ರಲ್ಲಿ ಕಾನೂನು ರದ್ದಾಯಿತು, ಸಂಶಯವು ರದ್ದಾಗಲಿಲ್ಲ. ಮುಂಬಯಿ ರಾಜ್ಯವು 1959ರಲ್ಲಿ ಮಾಡಿದ ಭಿಕ್ಷಾಟನ ನಿಷೇಧದ ಕಾನೂನು ಹಾಡು, ಕುಣಿತ, ಕಣಿ, ಆಟಗಳ ನೆಪದಿಂದ ಬೇಡುವುದನ್ನೂ ಭಿಕ್ಷೆಯೆಂದೇ ಎಣಿಸಿತು.

ಈಚಿನ ಕೆಲವು ನಿರ್ಬಂಧಗಳು ನ್ಯಾಯವಾದವುಗಳೇ ಎಂಬುದನ್ನೂ ಹೇಳಬೇಕು. 1998ರ ಆಜ್ಞೆಯಿಂದ ಕರಡಿ, ಕೋತಿ, ಹುಲಿ, ಸಿಂಹಗಳನ್ನು ಆಡಿಸುವುದು ನಿಂತಿತು; 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಸ್ಸಿನಲ್ಲಿ ಮಕ್ಕಳನ್ನು ಆಡಿಸಕೂಡದೆಂದಿತು. ಮೂಕಪ್ರಾಣಿಗೂ ಎಳೆಯ ಮಗುವಿಗೂ ಇದರಿಂದ ಹಿತವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆಟ ನಿಂತ ಮೇಲೆ ಆ ಮನೆಯ ಒಲೆ ಹೇಗೆ ಉರಿಯಬೇಕೆಂದು ಚಪ್ಪಾಳೆ ತಟ್ಟಿದ ನಾವು ವಿಚಾರಿಸಿದೆವೇ?

ಇರಲಿ, ಕಥೆಯ ಎಳೆಯನ್ನು ಹಿಡಿಯೋಣ. ಜಾತ್ರೆ ಮುಗಿದ ಮೇಲೆ ನಾಗಕನ್ನಿಕೆಯ ಡೇರೆಯು ಟಿಕೋಟದ ಬಯಲಿಗೆ ಹೋಯಿತು. ಶಿಷ್ಯನಿಗೆ ಆದಿತ್ಯವಾರ ರಜೆ. ನಮಗೆ ಎಲ್ಲ ವಾರವೂ ರಜೆ. ಬಸ್ಸು ಹತ್ತಿ ಇಬ್ಬರೂ ಹೋದೆವು. ಆಗ ಅಲ್ಲಿ ದ್ರಾಕ್ಷಿಯ ಸುಗ್ಗಿ. ಡೇರೆಯ ಹೆಂಗಸರು ಹಗಲಿನಲ್ಲಿ ಒಣದ್ರಾಕ್ಷಿಯ ಶೆಡ್ಡುಗಳಿಗೆ ಕೂಲಿಗೆ ಹೋಗಿ, ಸಂಜೆ ಬಂದು ಮುಖ ತೊಳೆದು ಬಣ್ಣ ಹಚ್ಚುತ್ತಿದ್ದರು. ಶಿಷ್ಯನು ಈ ಸಲ ವಹಿಯನ್ನು ತೆರೆಯಲೇ ಇಲ್ಲ. ಡೇರೆಯ ಮುಂದಿನ ಹಲಗೆಯ ಬಣ್ಣವು ಮಳೆಬಿಸಿಲಿಗೆ ಬಿರಿದಿತ್ತು. ಅದನ್ನು ತಿದ್ದಿಕೊಡುತ್ತೇನೆಂದು ಹೇಳಿ, ಎರಡು ಆದಿತ್ಯವಾರ ಕುಳಿತು ಹಾವಿನ ಹೊಪ್ಪಳಿಕೆಗಳನ್ನು ಒಂದೊಂದಾಗಿ ಬರೆದುಕೊಟ್ಟನು. ಕೂಲಿಯನ್ನು ತೆಗೆದುಕೊಳ್ಳಲಿಲ್ಲ, ಊಟವನ್ನು ಮಾತ್ರ ಮಾಡಿದನು. ನಾವೂ ಮಾಡಿದೆವು. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ. ನಮ್ಮ ಮನೆಯಲ್ಲಿ ಇದಕ್ಕಿಂತ ಶುಚಿಯಾಗಿ ಮಾಡುತ್ತಾರೆಂದು ಹೇಳಲಾರೆವು.

ಎರಡನೆಯ ಆದಿತ್ಯವಾರ ಆಕೆಯೇ ಬಂದು ಶಿಷ್ಯನ ಎದುರು ಕುಳಿತಳು. “ಅಣ್ಣಾರ, ಈಗ ನನ್ನ ಚಿತ್ರ ತಗೀರಿ. ಆದರ ಒಂದ್ ಮಾತು. ನನ್ನ ಕಾಲು ಬರಬೇಕ್ರಿ.”

ನಮಗೆ ತಿಳಿಯಲಿಲ್ಲ. ಆಕೆ ವಿವರಿಸಿದಳು. “ಹದಿನಾಲ್ಕ್ ವರ್ಷ ಆತ್ರಿ, ಮಂದಿ ನನ್ನ ಮಾರಿ ಒಂದ ನೋಡ್ಯಾರ. ಸಣ್ಣ ಹುಡುಗೂರು ಹಿಂದ ಬಂದು, ಇಕೀಗಿ ಕಾಲಿಲ್ಲ ಅಂತ ನನ್ನ ಮಗಳ ಮುಂದ ಅಂತಾವ್ರಿ. ನನ್ನ ಕಾಲಾಗ ಎಷ್ಟ ಊರಿನ ಮಣ್ಣ ಹತ್ತೇತಿ ನನಗ ಗೊತ್ತು.”

ಶಿಷ್ಯನು ಬರೆದನು. ಗೋಣಿಚೀಲದ ಮೇಲೆ ಕಾಲು ಚಾಚಿ ಕುಳಿತ ಗೃಹಿಣಿ, ಬಿರಿದ ಹಿಮ್ಮಡಿ, ಎರಡು ಬೆರಳಿನ ಕಾಲುಂಗುರ, ಮೊಳಕಾಲಿಗೆ ಆತು ನಿದ್ದೆಗೆ ಜಾರಿದ ಮಗಳು. ಹಿಂದೆ ಹಗ್ಗದ ಮೇಲೆ ಒಣಗುತ್ತಿರುವ ಬಟ್ಟೆಯ ಹಾವು, ಸೀರೆ ಅಂಗಿಗಳ ನಡುವೆ ಅದೂ ಒಂದು ಅರಿವೆ. ಸೋಮೇಶ್ವರ ಭೂಪನು ಇದನ್ನು ಯಾವ ವರ್ಗಕ್ಕೆ ಸೇರಿಸುತ್ತಿದ್ದನೋ! ಸಾದೃಶ್ಯದಿಂದ ವಿದ್ಧವೆನ್ನಬೇಕು; ನೋಡಿದ ಕೂಡಲೇ ನಮ್ಮ ಗಂಟಲು ಕಟ್ಟಿದ್ದರಿಂದ ಭಾವಚಿತ್ರವೆನ್ನಬೇಕು. ಶಿಷ್ಯನು ಅದೇ ಚಿತ್ರವನ್ನು ಎರಡು ಸಲ ಬರೆದು ಒಂದನ್ನು ಆಕೆಗೆ ಕೊಟ್ಟನು. ಇನ್ನೊಂದನ್ನು ಎಲ್ಲಿ ತೋರಿಸಬಹುದು, ಎಲ್ಲಿ ತೋರಿಸಬಾರದು ಎಂದು ಆಕೆಯನ್ನೇ ಕೇಳಿದನು. “ನಾವು ಆಡೂ ಊರಾಗ ಬ್ಯಾಡ್ರಿ, ಬ್ಯಾರೆ ಕಡೆ ಬೇಕಾದಲ್ಲಿ ತೋರಸ್ರಿ,” ಎಂದು ಆಕೆ ಹೇಳಿದಳು. ಆದುದರಿಂದ ಆ ಚಿತ್ರವನ್ನು ಈ ಪುಟದಲ್ಲಿ ಅಚ್ಚುಮಾಡಿಸಿಲ್ಲ. ಈ ಮಾಸಿಕವು ಅವರು ಆಡುವ ಊರುಗಳಿಗೂ ಹೋಗುತ್ತದಲ್ಲವೇ! ಆಕೆಯ ಹೆಸರನ್ನು ಹೇಳದೆ ಬಿಟ್ಟದ್ದೂ ಇದೇ ಕಾರಣದಿಂದ. ಮೊದಲ ದಿನ ಆಕೆ ಕೇಳಿದ ಪ್ರಶ್ನೆಗೆ ಇದೇ ಉತ್ತರವೆಂದು ನಾವು ತಿಳಿದಿದ್ದೇವೆ. ನೇಪಥ್ಯವನ್ನು ಚಿತ್ರಿಸಬಹುದು, ಆದರೆ ಅದರೊಳಗಿರುವವರು ಕರೆದಾಗ. ಮತ್ತು ಅವರು ತೋರಿಸಬಯಸಿದ್ದನ್ನು ಮೊದಲು ನೋಡಿದ ಮೇಲೆ.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಕಾರಣವನ್ನು ವಾಚಕರಿಂದ ಮುಚ್ಚಿಟ್ಟರೆ ಈ ಲೇಖನವೇ ಸುಳ್ಳಾದೀತು.

ಸುಮಾರು 1994ರ ಮಾತು. ನಾವು ಈ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದೆವು. ಕೆರೆಯ ದಂಡೆಗೆ ಡೊಂಬರ ಕುಟುಂಬವೊಂದು ಬಂದು ಇಳಿಯಿತು. ಅವರ ಒಂಬತ್ತು ವರ್ಷದ ಹುಡುಗನು ತಾನಾಗಿಯೇ ಶಾಲೆಯ ಬಾಗಿಲಿಗೆ ಬಂದು ನಿಂತನು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೂ ಕುಳ್ಳಿರಿಸಿಕೊಂಡೆವು. ಅಷ್ಟನ್ನು ಮಾಡಿದ್ದಕ್ಕೆ ನಮ್ಮನ್ನು ನಾವೇ ಮೆಚ್ಚಿಕೊಂಡಿದ್ದೆವು. ಹನ್ನೆರಡು ದಿನಗಳಲ್ಲಿ ಆ ಹುಡುಗನು ಅಕ್ಷರಗಳನ್ನು ಕಲಿತು ತನ್ನ ಹೆಸರನ್ನೂ ತಾಯಿಯ ಹೆಸರನ್ನೂ ಪಾಟಿಯ ಮೇಲೆ ಬರೆಯುವಂತಾದನು. ಹದಿಮೂರನೆಯ ದಿನ ಶಾಲೆಯ ತಪಾಸಣೆಗೆ ಸಾಹೇಬರು ಬಂದರು. ಹುಡುಗನು ಪಾಟಿಯನ್ನು ಎದೆಗೆ ಅವಚಿಕೊಂಡು ಎದ್ದು ನಿಂತನು. ಸಾಹೇಬರಿಗೆ ಸಂತೋಷವಾಗಲೆಂದು ನಾವು, “ಇವನು ಡೊಂಬರ ಹುಡುಗ ಸಾಹೇಬರೇ, ಏ, ಒಂದು ಲಾಗ ಹಾಕಿ ತೋರಿಸೋ,” ಎಂದೆವು. ಅವನು ಪಾಟಿಯನ್ನು ಕೆಳಗಿಟ್ಟು ಮೂರು ಲಾಗ ಹಾಕಿದನು. ವರ್ಗವೆಲ್ಲ ಚಪ್ಪಾಳೆ ತಟ್ಟಿತು. ಸಾಹೇಬರು ನಕ್ಕು ಮುಂದಿನ ವರ್ಗಕ್ಕೆ ಹೋದರು. ಹುಡುಗನು ಪಾಟಿಯನ್ನು ಎತ್ತಿಕೊಂಡು, “ಈಗ ಇದನ್ನ ತೋರಸ್ಲೇನ್ರೀ?” ಎಂದು ನಮ್ಮನ್ನು ಕೇಳಿದನು. ನಾವು ಸಾಹೇಬರ ಹಿಂದೆ ಅವಸರದಿಂದ ಹೊರಟಿದ್ದೆವು. ಮರುದಿನ ಅವನು ಬರಲಿಲ್ಲ. ಕೆರೆಯ ದಂಡೆಯಲ್ಲಿ ಒಲೆಯ ಮೂರು ಕಲ್ಲುಗಳು ಮಾತ್ರ ಇದ್ದವು.

ಅಂದು ನಾವು ಮಾಡಿದ್ದು ಕ್ರೌರ್ಯವೆಂದು ಯಾರೂ ಹೇಳಲಿಲ್ಲ, ನಮಗೂ ತೋರಲಿಲ್ಲ. ಅವನನ್ನು ಹೊಗಳಿದೆವೆಂದೇ ತಿಳಿದಿದ್ದೆವು. ಆದರೆ ಅಕ್ಷರವನ್ನು ಕಲಿಸುವ ಸ್ಥಳದಲ್ಲಿಯೂ ಅವನನ್ನು ಹಗ್ಗದ ಮೇಲಕ್ಕೇ ಹತ್ತಿಸಿದೆವು. ಅವನು ತೋರಿಸಬೇಕೆಂದಿದ್ದದ್ದು ಒಂದು. ನಾವು ನೋಡಬಯಸಿದ್ದು ಮತ್ತೊಂದು.

ಗೃಹಸ್ಥರಾದ ವಾಚಕರಿಗೆ ನಾವು ದೊಡ್ಡ ಉಪದೇಶವನ್ನು ಮಾಡತಕ್ಕವರಲ್ಲ. ನಿಮ್ಮ ಓಣಿಯ ಬಯಲಿಗೆ ಡೇರೆ ಬಂದಾಗ ನೀರು ತುಂಬಿಕೊಳ್ಳಲು ನಿಮ್ಮ ನಳವನ್ನು ತೋರಿಸಿರಿ. ಆಟಕ್ಕೆ ಹಣವನ್ನು ಭಿಕ್ಷೆಯಂತೆ ಎಸೆಯದೆ ಕೈಯಲ್ಲಿ ಕೊಡಿರಿ. ಕೇಳದೆ ಅವರ ಒಲೆಯ ಮುಂದೆ ಮೊಬೈಲನ್ನು ಹಿಡಿಯಬೇಡಿರಿ. ನಿಮ್ಮ ಅಡಿಗೆಮನೆಯ ಮುಂದೆ ಯಾರಾದರೂ ಹಾಗೆ ಹಿಡಿದರೆ ನೀವು ಸುಮ್ಮನಿರುವಿರಾ? ಅವರ ಮಕ್ಕಳನ್ನು ಹತ್ತಿರದ ಶಾಲೆಗೆ ಕರೆದುಕೊಂಡು ಹೋಗಿರಿ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾನೂನಿನಂತೆ, ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ವಯಸ್ಸಿನ ದಾಖಲೆಯಿಲ್ಲವೆಂದು ಪ್ರವೇಶವನ್ನು ನಿರಾಕರಿಸಕೂಡದು. ವರ್ಗಾವಣೆಯ ಪತ್ರವು ತಡವಾದರೂ ನಿರಾಕರಿಸಕೂಡದು. ಇದು ಅನೇಕ ತಾಯಿತಂದೆಗಳಿಗೆ ತಿಳಿದಿಲ್ಲ.

ಟಿಕೋಟದಿಂದ ಆ ಡೇರೆಯು ಬಬಲೇಶ್ವರಕ್ಕೆ ಹೋಯಿತು. ನಾವೂ ಹೋದೆವು, ಈ ಸಲ ಶಿಷ್ಯನಿಲ್ಲದೆ, ಸೋಮವಾರ ಮುಂಜಾನೆ. ನಾಗಕನ್ನಿಕೆಯ ಮಗಳ ಕೈ ಹಿಡಿದು ಸಮೀಪದ ಶಾಲೆಗೆ ನಡೆದೆವು. ತಾಯಿ ಹಿಂದೆ ಬರುತ್ತಿದ್ದಳು. ಹೊಸ ಚಪ್ಪಲಿ ಮೆಟ್ಟಿದ್ದಳು. ಮುಖ್ಯಾಧ್ಯಾಪಕರು ಹೆಸರು ಕೇಳಿದರು, ವಯಸ್ಸು ಕೇಳಿದರು, ಬರೆದುಕೊಂಡರು. ತಾಯಿಯ ಕಸುಬು ಏನೆಂದು ಕೇಳಿದಾಗ ನಾವು ಒಂದು ಕ್ಷಣ ತಡೆದೆವು. ಆಕೆ ತಾನೇ ಮುಂದೆ ಬಂದು, “ಆಟ ಆಡ್ತೀನ್ರಿ,” ಎಂದಳು. ಅವರು ತಲೆಯೆತ್ತದೆ ಅದನ್ನೂ ಬರೆದುಕೊಂಡರು.

ವರ್ಗದಲ್ಲಿ ಹುಡುಗಿಯು ಮೂಲೆಯಲ್ಲಿ ಕುಳಿತಳು. ಮಾಸ್ತರರು ಹಲಗೆಯ ಮೇಲೆ ಬರೆದುದನ್ನು ಎಲ್ಲರೂ ನೋಡಿ ಬರೆಯಹತ್ತಿದರು. ನಾವು ಕಿಟಕಿಯ ಹೊರಗೆ ನಿಂತಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದು ತಾನು ಬರೆದದ್ದನ್ನು ತೋರಿಸಿದಳು. ಮಾಸ್ತರರು ಅದನ್ನು ನೋಡಿದರು.

ನಾವು ಬಸ್ಸಿನ ಕಡೆಗೆ ತಿರುಗಿದೆವು.